ಸೆನ್ಸರ್ ಹೊಸದು, ಲೈಟ್ ಮಾತ್ರ ಅದೇ ಹಳೆಯದು

ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್, 1,15,000 ಕಿ.ಮೀ. ಓಡಿದೆ. ಕಳೆದ ತಿಂಗಳು ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ನೋಡಿ, ಪಿ0171 ಕೋಡ್ ಬಂದಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದರು. ಮುಂದಿನ ಸೆನ್ಸರ್ ಹೊಸದು ಹಾಕಿಸಿದೆ. ನಾಲ್ಕು ದಿನ ಲೈಟ್ ಇರಲಿಲ್ಲ, ಐದನೇ ದಿನ ಮತ್ತೆ ಅದೇ ಲೈಟ್, ಅದೇ ಕೋಡ್. ಈಗ ಅವರು ಹಿಂದಿನ ಸೆನ್ಸರನ್ನೂ ಬದಲಾಯಿಸಬೇಕು, ಜೋಡಿಯಾಗಿ ಹಾಕಿದರೇ ಸರಿ ಎನ್ನುತ್ತಿದ್ದಾರೆ. ಒಬ್ಬ ಗೆಳೆಯ ಪೆಟ್ರೋಲಲ್ಲಿ ತೊಳೆದರೆ ಸಾಕು ಅಂತಾನೆ, ಇನ್ನೊಬ್ಬ ಸ್ಪೇಸರ್ ಹಾಕಿಸು, ಲೈಟ್ ಮತ್ತೆ ಬರಲ್ಲ ಅಂತಾನೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಐಡ್ಲಿಂಗ್‌ನಲ್ಲಿ ನಡುಗುತ್ತದೆ, ರಸ್ತೆಗಿಳಿದ ಮೇಲೆ ಸರಿಯಿರುತ್ತದೆ. ಮೈಲೇಜ್ ಸ್ವಲ್ಪ ಇಳಿದಿದೆ. ನನಗೆ ಕೊಟ್ಟಿದ್ದು ಡೂಪ್ಲಿಕೇಟ್ ಸೆನ್ಸರಾ? ಈ ಸ್ಥಿತಿಯಲ್ಲಿ ಕಾರು ಓಡಿಸಬಹುದಾ? ಮುಂದೆ ಸೆನ್ಸರ್ ಬದಲಾಯಿಸುವುದಿದ್ದರೆ ನಾನೇ ಮಾಡಿಕೊಳ್ಳಬಹುದಾ?

ಉತ್ತರ: ಎರಡನೇ ಸೆನ್ಸರ್ ಈಗಲೇ ಕೊಳ್ಳಬೇಡಿ. ನೀವು ಬರೆದಿರುವುದನ್ನು ನೋಡಿದರೆ ಹೊಸ ಸೆನ್ಸರ್ ನೆಟ್ಟಗೇ ಕೆಲಸ ಮಾಡುತ್ತಿದೆ. ತೆಗೆದು ಬಿಸಾಕಿದ ಹಳೆಯದೂ ಬಹುಶಃ ಚೆನ್ನಾಗಿಯೇ ಇತ್ತು. ಹಳೆಯದು ಹೇಳಿದ್ದನ್ನೇ ಹೊಸದೂ ಹೇಳುತ್ತಿದೆ ಅಂದರೆ ಆ ಮಾತು ನಿಜವಿರಬೇಕಲ್ಲ?

ಪಿ0171 ಕೋಡ್ ಸೆನ್ಸರ್ ಕೆಟ್ಟಿದೆ ಎಂದು ಹೇಳುವುದೇ ಇಲ್ಲ. ಅದು ಹೇಳುವುದು ಇಷ್ಟು: ಮೊದಲನೇ ಬ್ಯಾಂಕಿನ, ಅಂದರೆ ಮೊದಲನೇ ಸಿಲಿಂಡರ್ ಸಾಲಿನ, ಮಿಶ್ರಣ ಲೀನ್ ಆಗಿದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಅದನ್ನು ಮೊದಲು ಗಮನಿಸಿದ್ದು ಆಕ್ಸಿಜನ್ ಸೆನ್ಸರ್ ಆದ್ದರಿಂದ ಎಲ್ಲರ ಕಣ್ಣು ಅದರ ಮೇಲೇ ಬೀಳುತ್ತದೆ. ದೂರು ಕೊಡಲು ಬಂದವನನ್ನೇ ಲಾಕಪ್ಪಿಗೆ ಹಾಕಿದ ಹಾಗಾಯಿತು. ಸೆನ್ಸರೇ ಕೆಟ್ಟಾಗ ಬರುವ ಕೋಡುಗಳು ಬೇರೆ, ಅವನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಸೆನ್ಸರ್ ಏನು ಮಾಡುತ್ತದೆ ಅನ್ನುವುದನ್ನು ನೋಡೋಣ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಇದು ಇನ್ನೂ ಕಡಿಮೆ. ಮಿಶ್ರಣ ಈ ಅಳತೆಯ ಆಸುಪಾಸಿನಲ್ಲಿ ಇದ್ದರೆ ಮಾತ್ರ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯಲ್ಲಿನ ಮೂರೂ ಬಗೆಯ ವಿಷಾನಿಲಗಳನ್ನು ಒಟ್ಟಿಗೆ ಕಡಿಮೆ ಮಾಡಬಲ್ಲದು. ಬರೀ ಲೆಕ್ಕಾಚಾರದಿಂದ ಅಷ್ಟು ನಿಖರವಾಗಿ ಪೆಟ್ರೋಲ್ ಬಿಡಲು ಆಗುವುದಿಲ್ಲ. ಉರಿದ ಮೇಲೆ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಯಾರಾದರೂ ನೋಡಿ ಹೇಳಬೇಕು. 1976ರಲ್ಲಿ ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರ್ ಅಮೆರಿಕಕ್ಕೆ ಹೋಗುತ್ತಿದ್ದ ವೋಲ್ವೋ ಕಾರುಗಳಲ್ಲಿ ಬಂದಿದ್ದು ಇದಕ್ಕಾಗಿಯೇ. ಇಂದಿನ ಸೆನ್ಸರುಗಳೂ ಅದೇ ಮನೆತನದವು.

ಒಳಗಿರುವುದು ಜಿರ್ಕೋನಿಯಾ ಎಂಬ ಸೆರಾಮಿಕ್, ಅದರ ಎರಡೂ ಬದಿಗೆ ತೆಳುವಾದ ಪ್ಲಾಟಿನಂ ಲೇಪ. ಒಂದು ಬದಿಗೆ ಎಕ್ಸಾಸ್ಟ್ ಹೊಗೆ, ಇನ್ನೊಂದು ಬದಿಗೆ ಹೊರಗಿನ ಶುದ್ಧ ಗಾಳಿ. 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಎರಡು ಬದಿಯ ಆಮ್ಲಜನಕದಲ್ಲಿ ಎಷ್ಟು ವ್ಯತ್ಯಾಸವೋ ಅದಕ್ಕೆ ತಕ್ಕ ಸಣ್ಣ ವೋಲ್ಟೇಜನ್ನು ಇದು ತಾನೇ ಹುಟ್ಟಿಸುತ್ತದೆ. ಪೆಟ್ರೋಲ್ ಜಾಸ್ತಿಯಾದರೆ 0.9 ವೋಲ್ಟಿನ ಹತ್ತಿರ, ಕಡಿಮೆಯಾದರೆ 0.1ರ ಹತ್ತಿರ, ನಡುವಿನ ಗಡಿ 0.45. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಇದನ್ನು ನೋಡಿ ಪೆಟ್ರೋಲ್ ಸ್ವಲ್ಪ ಏರಿಸುತ್ತದೆ, ಜಾಸ್ತಿಯಾಯಿತು ಅಂದ ಕೂಡಲೇ ಇಳಿಸುತ್ತದೆ. ಎಂಜಿನ್ ಬಿಸಿಯಾದ ಮೇಲೆ ಸ್ಕ್ಯಾನರಿನ ಲೈವ್ ಡೇಟಾ ತೆರೆದರೆ ಮುಂದಿನ, ಅಂದರೆ ಕನ್ವರ್ಟರಿಗಿಂತ ಮೊದಲಿರುವ, ಸೆನ್ಸರಿನ ಅಂಕಿ ನಿಂತಲ್ಲಿ ನಿಲ್ಲದೆ 0.1, 0.8, 0.2, 0.7 ಎಂದು ಓಡಾಡುತ್ತಿರುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ. ಹಾಗೆ ಓಡಾಡುವುದೇ ಆರೋಗ್ಯ.

ಇಲ್ಲೊಂದು ಎಚ್ಚರಿಕೆ. ಈಚಿನ ಅನೇಕ ಕಾರುಗಳಲ್ಲಿ ಮುಂದಿನದು ವೈಡ್‌ಬ್ಯಾಂಡ್ ಸೆನ್ಸರ್, ಅದನ್ನು ಏರ್ ಫ್ಯೂಯೆಲ್ ಸೆನ್ಸರ್ ಎಂದೂ ಕರೆಯುತ್ತಾರೆ. ಅದು ಹೀಗೆ ಕುಣಿಯುವುದಿಲ್ಲ, ಅದರ ಅಂಕಿಗಳ ಲೆಕ್ಕವೂ ಬೇರೆ. ಈ 0.45ರ ಪಾಠ ಓದಿಕೊಂಡು ಒಳ್ಳೆಯ ವೈಡ್‌ಬ್ಯಾಂಡ್ ಸೆನ್ಸರನ್ನು ಸತ್ತಿದೆ ಎಂದು ಕಿತ್ತು ಹಾಕಿದವರನ್ನು ನೋಡಿದ್ದೇನೆ. ನಿಮ್ಮ ಕಾರಿನದು ಯಾವ ಬಗೆ ಎಂದು ಮೊದಲು ಖಚಿತ ಮಾಡಿಕೊಳ್ಳಿ.

ಈಗ ಆ ನಾಲ್ಕು ದಿನದ ಒಗಟು. ಸೆನ್ಸರ್ ಹಾಕಿದ ಮೇಲೆ ಮೆಕ್ಯಾನಿಕ್ ಕೋಡ್ ಅಳಿಸಿರುತ್ತಾರೆ. ಕೋಡಿನ ಜೊತೆಗೆ ಇಸಿಯು ತಾನು ಕಲಿತಿದ್ದ ಫ್ಯೂಯೆಲ್ ಟ್ರಿಮ್ ಕೂಡ ಸಾಮಾನ್ಯವಾಗಿ ಸೊನ್ನೆಗೆ ಬರುತ್ತದೆ. ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಬಿಡಬೇಕಾಗಿದೆ ಎಂಬ ತಿದ್ದುಪಡಿಯೇ ಟ್ರಿಮ್. ಆ ಕ್ಷಣದ ತಿದ್ದುಪಡಿ ಷಾರ್ಟ್ ಟರ್ಮ್, ಅಭ್ಯಾಸವಾಗಿ ಕೂತಿದ್ದು ಲಾಂಗ್ ಟರ್ಮ್. ಎರಡನ್ನೂ ಕೂಡಿದರೆ ಹೆಚ್ಚು ಅಥವಾ ಕಡಿಮೆ 10ರೊಳಗೆ ಇರಬೇಕು. ಕೂಡಿದ್ದು ಸುಮಾರು 20, 25ರ ಹತ್ತಿರ ಹೋಗಿ ಅಲ್ಲೇ ನಿಂತರೆ ಇಸಿಯು ಇನ್ನು ನನ್ನಿಂದಾಗದು ಎಂದು ಪಿ0171 ಬರೆದುಕೊಳ್ಳುತ್ತದೆ. ಹೆಚ್ಚಿನ ಕಾರುಗಳಲ್ಲಿ ಒಂದು ಸಲ ಕಂಡ ಮಾತ್ರಕ್ಕೆ ಲೈಟ್ ಹಾಕುವುದೂ ಇಲ್ಲ, ಮುಂದಿನ ಓಡಾಟದಲ್ಲಿ ಮತ್ತೆ ಕಾಣಬೇಕು. ಹಾಗಾಗಿ ಆ ನಾಲ್ಕು ದಿನ ಇಸಿಯು ಸೊನ್ನೆಯಿಂದ ಹೊಸದಾಗಿ ಲೆಕ್ಕ ಕಲಿಯುತ್ತಿತ್ತು ಅಷ್ಟೆ. ಸೆನ್ಸರ್ ಬದಲಾಯಿಸದೆ ಬರೀ ಕೋಡ್ ಅಳಿಸಿದ್ದರೂ ಇದೇ ಆಗುತ್ತಿತ್ತು.

ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯ ಅನಿಸಿದ ಸಾಲು ಲೈಟಿನದ್ದಲ್ಲ, ಐಡ್ಲಿಂಗ್‌ನಲ್ಲಿ ನಡುಗಿ ರಸ್ತೆಯಲ್ಲಿ ಸರಿಯಾಗುತ್ತದೆ ಎಂದು ಬರೆದಿದ್ದೀರಲ್ಲ, ಅದು. ಗಾಳಿಯ ಅಳತೆ ತಪ್ಪಿಸಿ ಎಲ್ಲಿಂದಲೋ ಒಳಗೆ ನುಸುಳುವ ಗಾಳಿಯ ಲಕ್ಷಣ ಇದು. ನಾವು ವ್ಯಾಕ್ಯೂಮ್ ಲೀಕ್ ಅನ್ನುತ್ತೇವೆ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒಳಗಿನ ಸೆಳೆತ ಜೋರು. ಆಗ ಸಣ್ಣ ಬಿರುಕಿನಿಂದ ಬರುವ ಗಾಳಿಯೂ ದೊಡ್ಡ ಪಾಲಾಗುತ್ತದೆ. ಆಕ್ಸಿಲರೇಟರ್ ಒತ್ತಿ ಗಾಳಿಯ ಬಾಗಿಲಾದ ಥ್ರಾಟಲ್ ತೆರೆದ ಮೇಲೆ ಬರುವ ಗಾಳಿಯ ರಾಶಿಯಲ್ಲಿ ಅದೇ ಬಿರುಕು ಲೆಕ್ಕಕ್ಕೇ ಸಿಗುವುದಿಲ್ಲ. ಬೆಳಗ್ಗೆ ರಬ್ಬರ್ ತಣ್ಣಗಿದ್ದು ಬಿರುಸಾಗಿರುತ್ತದೆ, ಬಿರುಕು ಬಾಯಿ ತೆರೆದಿರುತ್ತದೆ. ಬಿಸಿಗೆ ಮೆತ್ತಗಾದಂತೆ ಸ್ವಲ್ಪ ಮುಚ್ಚಿಕೊಳ್ಳುವುದೂ ಉಂಟು.

ಇದನ್ನು ಊಹೆಗೆ ಬಿಡಬೇಕಿಲ್ಲ, ಸ್ಕ್ಯಾನರಿನಲ್ಲೇ ನೋಡಬಹುದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಎರಡೂ ಟ್ರಿಮ್ ಕೂಡಿ ಬರೆದುಕೊಳ್ಳಿ. ಆಮೇಲೆ ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ಮತ್ತೆ ಬರೆದುಕೊಳ್ಳಿ. ಐಡ್ಲಿಂಗ್‌ನಲ್ಲಿ 22 ಇದ್ದದ್ದು ಮೇಲೆ 5ಕ್ಕೆ ಇಳಿದರೆ ಲೀಕ್ ಬಹುತೇಕ ಖಚಿತ. ತಿರುಗಾಮುರುಗಾ ಆಗಿ, ಐಡ್ಲಿಂಗ್‌ನಲ್ಲಿ ಸರಿಯಿದ್ದು ವೇಗದಲ್ಲಿ, ಏರಿನಲ್ಲಿ ಅಂಕಿ ಹತ್ತುತ್ತಾ ಹೋದರೆ ಪೆಟ್ರೋಲೇ ಸಾಕಾಗುತ್ತಿಲ್ಲ: ಪಂಪ್, ಫಿಲ್ಟರ್, ಇಂಜೆಕ್ಟರ್ ನೋಡಿಸಿ. ಗಾಳಿ ಅಳೆಯುವ ಎಂಎಎಫ್ ಸೆನ್ಸರಿನ ಮೇಲೆ ಧೂಳು ಕೂತಿದ್ದರೂ ಹೀಗೇ ಆಗುತ್ತದೆ. ಎಂಎಎಫ್ ಇಲ್ಲದೆ ಮ್ಯಾನಿಫೋಲ್ಡಿನ ಒತ್ತಡದಿಂದ ಗಾಳಿ ಲೆಕ್ಕ ಹಾಕುವ ಕಾರುಗಳೂ ಇವೆ. ಅಲ್ಲಿ ಲೀಕ್ ಆದರೆ ಮಿಶ್ರಣ ಲೀನ್ ಆಗುವುದಕ್ಕಿಂತ ಐಡ್ಲಿಂಗ್ ಏರುವುದೇ ಹೆಚ್ಚು. ಎಥೆನಾಲ್ ಹೆಚ್ಚಿರುವ ಪೆಟ್ರೋಲ್ ಹಾಕಿದ್ದರೆ ಅದಕ್ಕೆಂದು ಮಾಡಿರದ ಕಾರಿನಲ್ಲಿ ಟ್ರಿಮ್ ಎಲ್ಲ ವೇಗದಲ್ಲೂ ಒಂದಿಷ್ಟು ಮೇಲಿರುತ್ತದೆ, ಅದನ್ನು ರಿಪೇರಿ ಮಾಡಲು ಹೋಗಬೇಡಿ.

ಲೀಕ್ ಎಲ್ಲಿರುತ್ತದೆ? ಏರ್ ಫಿಲ್ಟರಿನಿಂದ ಥ್ರಾಟಲ್ ಬಾಡಿಗೆ ಹೋಗುವ ದಪ್ಪ ರಬ್ಬರ್ ಕೊಳವೆಯ ಮಡಿಕೆಗಳನ್ನು ಕೈಯಲ್ಲಿ ಬಿಡಿಸಿ ನೋಡಿ. ಮೇಲಿನಿಂದ ನೋಡಿದರೆ ಗಟ್ಟಿಮುಟ್ಟಾಗಿ ಕಾಣುತ್ತದೆ, ಕೆಳಬದಿಯ ಮಡಿಕೆಯಲ್ಲಿ ಬೆರಳಗಲ ಸೀಳಿರುತ್ತದೆ. ಆಮೇಲೆ ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕಿಗೆ ಒಯ್ಯುವ ಪಿಸಿವಿ ಹೋಸ್. ಎಣ್ಣೆಯ ಆವಿ ತಿಂದು ತಿಂದು ಅದು ಒಂದು ತುದಿಯಲ್ಲಿ ಉಬ್ಬಿ ಮೆತ್ತಗಾಗಿರುತ್ತದೆ, ಇನ್ನೊಂದು ತುದಿಯಲ್ಲಿ ಒಣಗಿ ಬಿರಿದಿರುತ್ತದೆ. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನ ಹೋಸ್, ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನಂತರದವು. ಕಣ್ಣಿಗೆ ಕಾಣದ ಲೀಕಿಗೆ ಸ್ಮೋಕ್ ಟೆಸ್ಟ್ ಒಳ್ಳೆಯದು, ಒಳಗೆ ಹೊಗೆ ತುಂಬಿದರೆ ಬಿರುಕಿನಿಂದ ಎಳೆ ಎಳೆಯಾಗಿ ಹೊರಬರುತ್ತದೆ. ಕೆಲವರು ಓಡುವ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸಿ ಶಬ್ದ ಬದಲಾಗುವುದನ್ನು ಕೇಳುತ್ತಾರೆ. ಅದರಿಂದಲೂ ಲೀಕ್ ಸಿಗುತ್ತದೆ, ಆದರೆ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ. ಅನುಭವವಿಲ್ಲದವರು ಮಾಡಬೇಡಿ.

ಸೆನ್ಸರ್ ಪ್ರಾಮಾಣಿಕವಾಗಿದ್ದೂ ದಾರಿ ತಪ್ಪಿಸುವ ಸಂದರ್ಭಗಳು ಎರಡಿವೆ. ಒಂದು, ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟಿನಲ್ಲಿ ಲೀಕ್. ಹೊಗೆ ಒಂದೇ ಸಮ ಹರಿಯುವುದಿಲ್ಲ, ದಬದಬ ಎಂದು ಅಲೆ ಅಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಪೈಪಿನೊಳಗೆ ಒತ್ತಡ ಇಳಿದಾಗ ಹೊರಗಿನ ಗಾಳಿ ಒಳಕ್ಕೆ ಸೇರುತ್ತದೆ. ಗ್ಯಾಸ್ಕೆಟ್ ಜಾಗದಲ್ಲಿ ಕಪ್ಪು ಮಸಿಯ ಗೆರೆ ಇದ್ದರೆ, ತಣ್ಣಗಿದ್ದಾಗ ಟಿಕ್ ಟಿಕ್ ಶಬ್ದ ಬಂದು ಬಿಸಿಯಾದಂತೆ ನಿಂತರೆ ಇದನ್ನು ಅನುಮಾನಿಸಿ. ಇನ್ನೊಂದು, ಮಿಸ್‌ಫೈರ್. ಉರಿಯದ ಸಿಲಿಂಡರಿನಿಂದ ಪೆಟ್ರೋಲೂ ಹಾಗೇ ಬರುತ್ತದೆ, ಆಮ್ಲಜನಕವೂ ಹಾಗೇ ಬರುತ್ತದೆ. ಸೆನ್ಸರಿಗೆ ಗೊತ್ತಾಗುವುದು ಆಮ್ಲಜನಕ ಮಾತ್ರ. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿದ್ದರೂ ಅದು ಲೀನ್ ಎಂದೇ ಹೇಳುತ್ತದೆ, ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಆದ್ದರಿಂದ ಪಿ0300, ಪಿ0301 ತರಹದ ಮಿಸ್‌ಫೈರ್ ಕೋಡ್ ಜೊತೆಯಲ್ಲಿದ್ದರೆ ಮೊದಲು ಸ್ಪಾರ್ಕ್ ಪ್ಲಗ್, ಕಾಯಿಲ್ ಸರಿಮಾಡಿಸಿ.

ಹಾಗಾದರೆ ಸೆನ್ಸರ್ ಕೆಡುವುದೇ ಇಲ್ಲವೇ? ಖಂಡಿತ ಕೆಡುತ್ತದೆ. ಹೀಟರ್ ಇಲ್ಲದ ಹಳೆಯ ಒಂದೆರಡು ವೈರಿನವು 50,000ದಿಂದ 80,000 ಕಿ.ಮೀ.ಗೆ ಮುಗಿಯುತ್ತಿದ್ದವು. ಹೀಟರ್ ಇರುವ ನಾಲ್ಕು ವೈರಿನವು ಲಕ್ಷ ಕಿ.ಮೀ. ದಾಟುತ್ತವೆ, ಒಂದೂವರೆ ಲಕ್ಷ ಓಡಿದ್ದೂ ಇವೆ. ವಯಸ್ಸಾದಂತೆ ಅವು ನಿಧಾನವಾಗುತ್ತವೆ, ಒಮ್ಮೆಗೇ ಸಾಯುವುದು ಕಡಿಮೆ. ಆಗ ಬರುವುದು ಪಿ0133, ಪ್ರತಿಕ್ರಿಯೆ ಮಂದವಾಗಿದೆ ಎಂದರ್ಥ. ಸಿಗ್ನಲ್ ಇಲ್ಲದಿದ್ದರೆ ಪಿ0134, ಮುಂದಿನದರ ಹೀಟರ್ ಸರ್ಕ್ಯೂಟಿಗೆ ಪಿ0135, ಹಿಂದಿನದರ ಹೀಟರಿಗೆ ಪಿ0141. ಹೀಟರ್ ಕೋಡ್ ಬಂದಾಗ ಸೆನ್ಸರ್ ಕೊಳ್ಳುವ ಮುಂಚೆ ಫ್ಯೂಸ್ ನೋಡಿ. ಬಿಡಿಬಿಡಿಯಾಗಿ ಎಷ್ಟು ಸಲ ಹೇಳಿದರೂ ಈ ಒಂದು ಕೆಲಸವನ್ನು ಜನ ಮರೆಯುತ್ತಾರೆ. ಫ್ಯೂಸ್ ಸರಿಯಿದ್ದರೆ ಹೀಟರಿನ ಎರಡು ವೈರುಗಳ ನಡುವೆ ಮಲ್ಟಿಮೀಟರ್ ಇಟ್ಟು ಓಮ್ಸ್ ಅಳೆಯಿರಿ. ತಣ್ಣಗಿದ್ದಾಗ ಕೆಲವೇ ಓಮ್ಸ್ ತೋರಿಸಬೇಕು, ಸರ್ಕ್ಯೂಟ್ ತೆರೆದಿದೆ ಎಂದು ತೋರಿಸಿದರೆ ಹೀಟರ್ ಸತ್ತಿದೆ. ಸಿಗ್ನಲ್ ವೈರುಗಳ ಮೇಲೆ ಮಾತ್ರ ಓಮ್ಸ್ ಅಳೆಯಬೇಡಿ, ಮೀಟರ್ ಬಿಡುವ ಕರೆಂಟಿನಿಂದ ಸೆನ್ಸರಿಗೆ ಹಾನಿಯಾಗಬಹುದು.

ವಯಸ್ಸಿಗೆ ಮುಂಚೆ ಸತ್ತ ಸೆನ್ಸರ್ ಕೈಗೆ ಬಂದರೆ ನಾನು ಅದರ ತುದಿ ನೋಡದೆ ಬಿಸಾಕುವುದಿಲ್ಲ. ಮೃದುವಾದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಎಣ್ಣೆ ಉರಿದ ಕಂದು ಬೂದಿ ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್. ಸುಣ್ಣ ಬಳಿದಂತೆ ಬಿಳಿಯ ಪುಡಿ ಇದ್ದರೆ ಸಿಲಿಕಾ: ಎಂಜಿನ್ನಿಗೆ ಯಾರೋ ಬೇಕಾಬಿಟ್ಟಿ ಸಿಲಿಕೋನ್ ಸೀಲೆಂಟ್ ಮೆತ್ತಿದ್ದಾರೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಮೂಲಕ ಕೂಲೆಂಟ್ ಸಿಲಿಂಡರಿಗೆ ಇಳಿಯುತ್ತಿದೆ. ಆ ಮೂಲ ಸರಿಮಾಡದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಇದರಿಂದಲೇ ಪೆಟ್ರೋಲಲ್ಲಿ ತೊಳೆಯುವ ಸಲಹೆಗೂ ಉತ್ತರ ಸಿಕ್ಕಿತು. ಮಸಿಯಾದರೆ ಮಿಶ್ರಣ ಸರಿಯಾದ ಮೇಲೆ ಬಿಸಿಗೆ ತಾನೇ ಉರಿದು ಹೋಗುತ್ತದೆ. ಸಿಲಿಕಾ, ಸೀಸ, ಎಣ್ಣೆ ಬೂದಿ ಸೆರಾಮಿಕ್ಕಿನ ಸೂಕ್ಷ್ಮ ರಂಧ್ರಗಳೊಳಗೆ ಕೂತಿರುತ್ತವೆ, ಯಾವ ದ್ರಾವಣಕ್ಕೂ ಬಗ್ಗುವುದಿಲ್ಲ. ವೈರ್ ಬ್ರಷ್ ಹಾಕಿ ಉಜ್ಜಿದರೆ ಇದ್ದದ್ದೂ ಹೋಯಿತು.

ಜೋಡಿಯಾಗಿಯೇ ಹಾಕಬೇಕು ಎಂಬುದು ನಿಮ್ಮ ಕಾರಿಗೆ ಅನ್ವಯಿಸುವುದಿಲ್ಲ. ಮುಂದಿನ ಸೆನ್ಸರ್ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲಿದ್ದು ಪೆಟ್ರೋಲ್ ಲೆಕ್ಕ ನೋಡುತ್ತದೆ. ಹಿಂದಿನದರ ಮುಖ್ಯ ಕೆಲಸ ಕನ್ವರ್ಟರ್ ಮೇಲೆ ಕಣ್ಣಿಡುವುದು. ಕನ್ವರ್ಟರ್ ಚೆನ್ನಾಗಿದ್ದರೆ ಹಿಂದಿನ ಸೆನ್ಸರಿನ ಅಂಕಿ 0.6, 0.7ರ ಸುತ್ತ ಹೆಚ್ಚು ಅಲುಗಾಡದೆ ಇರುತ್ತದೆ, ಮುಂದಿನದರಂತೆ ಕುಣಿಯತೊಡಗಿದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಕೋಡ್ ಬರುತ್ತದೆ. ಹಿಂದಿನದು ಲೀನ್ ಕೋಡಿಗೆ ಕಾರಣವಾಗುವುದು ತೀರ ಅಪರೂಪ. ವಿ ಆಕಾರದ ಎಂಜಿನ್ನಿನಲ್ಲಿ ಎರಡೂ ಬ್ಯಾಂಕಿನ ಮುಂದಿನ ಸೆನ್ಸರುಗಳು ಒಟ್ಟಿಗೆ ಮುದುಕಾಗಿದ್ದರೆ ಜೋಡಿಯಾಗಿ ಹಾಕುವುದರಲ್ಲಿ ಅರ್ಥವಿದೆ. ಹಿಂದೆ ಮುಂದೆ ಎರಡನ್ನೂ ಹಾಕುವುದಕ್ಕೆ ಆ ತರ್ಕ ಇಲ್ಲ.

ಸ್ಪೇಸರ್ ವಿಷಯ. ಹಿಂದಿನ ಸೆನ್ಸರನ್ನು ಹೊಗೆಯ ಹರಿವಿನಿಂದ ಸ್ವಲ್ಪ ಹೊರಗೆ ಎಳೆದು ಕೂರಿಸಿ, ಕೆಟ್ಟ ಕನ್ವರ್ಟರನ್ನು ಒಳ್ಳೆಯದೆಂದು ಇಸಿಯುಗೆ ನಂಬಿಸುವ ಉಪಾಯ ಅದು. ನಿಮ್ಮ ತೊಂದರೆ ಪಿ0420 ಅಲ್ಲವೇ ಅಲ್ಲ, ಹಾಗಾಗಿ ಅದು ಕೆಲಸವನ್ನೂ ಮಾಡುವುದಿಲ್ಲ. ಅನೇಕ ದೇಶಗಳಲ್ಲಿ ಇದು ಕಾನೂನಿಗೆ ವಿರುದ್ಧ ಕೂಡ. ಸೆನ್ಸರ್ ಕನೆಕ್ಟರ್ ಬಿಚ್ಚಿ ಓಡಿಸುವುದೂ ಬೇಡ. ಆಗ ಇಸಿಯು ತನ್ನಲ್ಲಿರುವ ಅಂದಾಜು ಲೆಕ್ಕಕ್ಕೆ ಪೆಟ್ರೋಲ್ ಬಿಡುತ್ತದೆ, ಅದು ಸಾಮಾನ್ಯವಾಗಿ ಜಾಸ್ತಿ ಕಡೆಗೇ ಇರುತ್ತದೆ, ಮೈಲೇಜ್ ಇನ್ನೂ ಇಳಿಯುತ್ತದೆ.

ಡೂಪ್ಲಿಕೇಟ್ ಅನುಮಾನಕ್ಕೆ: ಲೈವ್ ಡೇಟಾದಲ್ಲಿ ಹೊಸ ಸೆನ್ಸರ್ ನೋಡಿ. ಥ್ರಾಟಲ್ ಫಕ್ಕನೆ ಒತ್ತಿದಾಗ ಅಂಕಿ ಮೇಲೆ ಜಿಗಿದು, ಬಿಟ್ಟಾಗ ತಳಕ್ಕೆ ಬಿದ್ದರೆ ಅದಕ್ಕೆ ಜೀವವಿದೆ. ಪಾರ್ಟ್ ನಂಬರ್ ಕಾರಿನ ಮಾದರಿಗೆ ತಾಳೆಯಾಗುತ್ತದೆಯೇ, ಕನೆಕ್ಟರ್ ಮೂಲದ್ದೇ ಇದೆಯೇ ಎಂದೂ ನೋಡಿ. ಯೂನಿವರ್ಸಲ್ ಸೆನ್ಸರ್ ತಂದು ಹಳೆಯ ಕನೆಕ್ಟರಿಗೆ ವೈರ್ ಬೆಸೆದಿದ್ದರೆ ಆ ಜೋಡಣೆಯನ್ನು ಪರೀಕ್ಷಿಸಿ. ಅನೇಕ ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆಯ ಸೀಸ ಅಥವಾ ಗ್ರೀಸ್ ಆ ದಾರಿ ಮುಚ್ಚಿದರೆ ಒಳ್ಳೆಯ ಸೆನ್ಸರೂ ಸುಳ್ಳು ಹೇಳುತ್ತದೆ. ಕನೆಕ್ಟರ್ ಒಳಗೆ ಗ್ರೀಸ್, ಕಾಂಟ್ಯಾಕ್ಟ್ ಕ್ಲೀನರ್ ಹಾಕಬಾರದು ಎನ್ನುವುದೂ ಇದಕ್ಕೇ.

ಸ್ವಂತವಾಗಿ ಬದಲಾಯಿಸಬಹುದು, ಕಷ್ಟವಿರುವುದು ಹಳೆಯದನ್ನು ಬಿಚ್ಚುವುದರಲ್ಲಿ. ಕೆಳಗೆ ತೂರಬೇಕಾದರೆ ಕಾರನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಬೇಡಿ. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ಆಫ್ ಮಾಡಿ, ಕೈ ಸುಡದಷ್ಟು ಆರಲಿ. ಬೆಚ್ಚಗಿದ್ದರೆ ಥ್ರೆಡ್ ಸಡಿಲ ಬಿಡುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬುಡಕ್ಕೆ ಹಾಕಿಡಿ. ಮೊದಲು ಕನೆಕ್ಟರ್ ಬಿಚ್ಚಿ, ಆಮೇಲೆ ವೈರ್ ಹಾಯಲು ಸೀಳಿರುವ 22 ಎಂಎಂ ಸಾಕೆಟ್ ಹಾಕಿ. ಹಳೆಯದು ಹೇಗೂ ಕಸಕ್ಕೆ ಎಂದಾದರೆ ವೈರ್ ಕತ್ತರಿಸಿ ರಿಂಗ್ ಸ್ಪ್ಯಾನರ್ ಹಾಕುವುದೇ ಮೇಲು. ಸೀಳು ಸಾಕೆಟ್ ಬಿಗಿಗೆ ಬಾಯಿ ಬಿಟ್ಟು ಮೂಲೆಗಳನ್ನು ಸವೆಸಿಬಿಡುತ್ತದೆ, ರಿಂಗ್ ಆರೂ ಬದಿ ಹಿಡಿಯುತ್ತದೆ. ಅಲುಗದಿದ್ದರೆ ಬಲಕ್ಕೆ ಕೂದಲೆಳೆಯಷ್ಟು ಬಿಗಿದು ಮತ್ತೆ ಎಡಕ್ಕೆ ತಿರುಗಿಸಿ. ಅರ್ಧ ಬಂದು ಕಿರುಗುಟ್ಟುತ್ತಾ ಮತ್ತೆ ಹಿಡಿದುಕೊಂಡರೆ ಒತ್ತಾಯ ಮಾಡದೆ ಎಣ್ಣೆ ಹಾಕಿ ಹಿಂದೆ ಮುಂದೆ ಆಡಿಸಿ. ಅಲ್ಲಿ ಜೋರು ಮಾಡಿದರೆ ಎಕ್ಸಾಸ್ಟಿನ 18 ಎಂಎಂ ಥ್ರೆಡ್ ಕಿತ್ತು ಬರುತ್ತದೆ, ಆಮೇಲೆ ಅದರ ಖರ್ಚೇ ಬೇರೆ.

ಹೊಸದನ್ನು ಕೈಯಿಂದಲೇ ತಿರುಗಿಸಿ ಕೂರಿಸಿ, ಮೊದಲ ಸುತ್ತುಗಳಿಗೆ ಸ್ಪ್ಯಾನರ್ ಬೇಡ. ಥ್ರೆಡ್ ಹಿಡಿದುಕೊಳ್ಳದಂತೆ ಹಚ್ಚುವ ಆ್ಯಂಟಿಸೀಜ್ ಹೆಚ್ಚಾಗಿ ಕಂಪನಿಯಿಂದಲೇ ಬಳಿದು ಬರುತ್ತದೆ. ಇಲ್ಲದಿದ್ದರೆ ಸೆನ್ಸರಿಗೆಂದೇ ಇರುವುದನ್ನು ಥ್ರೆಡ್ಡಿಗೆ ಮಾತ್ರ ಹಚ್ಚಿ, ತುದಿಗೆ ತಾಗಬಾರದು. ಟಾರ್ಕ್ ಸಾಮಾನ್ಯವಾಗಿ 40 ನ್ಯೂಟನ್ ಮೀಟರಿನ ಆಸುಪಾಸು, ನಿಮ್ಮ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ. ವೈರ್ ತಿರುಚದಂತೆ, ಬಿಸಿ ಪೈಪಿಗೆ ತಾಗದಂತೆ ಹಳೆಯ ಕ್ಲಿಪ್ಪಿಗೇ ಸಿಕ್ಕಿಸಿ. ಕೈಜಾರಿ ನೆಲಕ್ಕೆ ಬಿದ್ದ ಸೆನ್ಸರನ್ನು ನಾನು ಹಾಕುವುದಿಲ್ಲ, ಒಳಗಿನ ಸೆರಾಮಿಕ್ ಬಿರಿದಿದ್ದರೆ ಹೊರಗೆ ಕಾಣುವುದೇ ಇಲ್ಲ.

ಅಲ್ಲಿಯವರೆಗೆ ಕಾರು ಓಡಿಸಬಹುದಾ ಎಂದು ಕೇಳಿದ್ದೀರಿ. ಲೈಟ್ ಒಂದೇ ಸಮ ಉರಿಯುತ್ತಿದ್ದರೆ ಕೆಲವು ದಿನ ನಿಧಾನವಾಗಿ ಓಡಿಸಬಹುದು, ಭಾರ ಹೇರಿಕೊಂಡು ಏರು ಹತ್ತುವುದು ಬೇಡ. ಲೀನ್ ಮಿಶ್ರಣದಲ್ಲಿ ಜೋರಾಗಿ ಎಳೆದರೆ ಎಂಜಿನ್ ಕುಟ್ಟಬಹುದು. ಲೈಟ್ ಮಿನುಗತೊಡಗಿದರೆ ಮಾತ್ರ ಪಕ್ಕಕ್ಕೆ ನಿಲ್ಲಿಸಿ. ಅದು ಜೋರು ಮಿಸ್‌ಫೈರಿನ ಸೂಚನೆ, ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೊತ್ತಿ ಅದನ್ನೇ ಕರಗಿಸಿಬಿಡುತ್ತದೆ. ಬ್ರೇಕ್ ಪೆಡಲ್ ಗಟ್ಟಿಯಾಗಿದೆ ಅನಿಸಿದರೂ ಓಡಿಸಬೇಡಿ, ಲೀಕ್ ಬೂಸ್ಟರ್ ಹೋಸಿನಲ್ಲೇ ಇರಬಹುದು.

ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ಬರೆದುಕೊಳ್ಳಲು ಹೇಳಿ. ಕೋಡ್ ಬಂದ ಗಳಿಗೆಯ ವೇಗ, ಆರ್‌ಪಿಎಂ, ಎಂಜಿನ್ ತಾಪ, ಟ್ರಿಮ್ ಎಲ್ಲ ಅದರಲ್ಲಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ. ಹೋಸುಗಳನ್ನು ನೋಡಿಸಿ, ಲೀಕ್ ಸಿಕ್ಕಿ ಟ್ರಿಮ್ ಒಂದಂಕಿಗೆ ಇಳಿದರೆ ಕೋಡ್ ಅಳಿಸಿ ಓಡಿಸಿ. ಹೊಗೆ ತಪಾಸಣೆ ಹತ್ತಿರವಿದ್ದರೆ ಅದಕ್ಕೆ ಮುಂಚೆ ಕೆಲವು ದಿನ ತಣ್ಣಗಿನ ಸ್ಟಾರ್ಟಿನಿಂದ ಹಿಡಿದು ಎಲ್ಲ ವೇಗದಲ್ಲೂ ಓಡಿಸಿ, ಇಸಿಯು ತನ್ನ ಪರೀಕ್ಷೆಗಳನ್ನು ಮುಗಿಸಿಕೊಳ್ಳಲಿ. ಹೋಸುಗಳೆಲ್ಲ ಸರಿಯಿದ್ದೂ ಐಡ್ಲಿಂಗ್ ಟ್ರಿಮ್ 20ರ ಮೇಲೇ ಇದ್ದರೆ ಐಡ್ಲಿಂಗ್ ಮತ್ತು 2,500 ಆರ್‌ಪಿಎಂನ ಅಂಕಿಗಳನ್ನು ಫ್ರೀಜ್ ಫ್ರೇಮ್ ಜೊತೆ ಬರೆದು ಕಳಿಸಿ, ಮುಂದಿನದನ್ನು ನೋಡೋಣ.